ಹೊಟ್ಟೆಗೆ ಹೊಟ್ಟೆ ತಾಗದ ಅಕ್ಷರಗಳು

ನನ್ನ ತಮ್ಮನಿಗೆ ಹುಚ್ಚು ಎಂದು ಶಂಕರಪುರದಲ್ಲಿ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹುಚ್ಚು ಹಿಡಿದವರು ಮದ್ದು ಕೊಟ್ಟರೆ ಸರಿಯಾಗುತ್ತಾರೆ. ಇವನು ಸರಿಯಾಗುವ ಪೈಕಿ ಅಲ್ಲ.

ಅವನ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಅವನು ಈ ಪ್ರಬಂಧವನ್ನು ಓದುವುದಿಲ್ಲ, ಭೂತಗನ್ನಡಿ ಹಿಡಿದು ತನ್ನ ಹೆಸರಿನ ಅಕ್ಷರ ಹೇಗೆ ಅಚ್ಚಾಗಿದೆ ಎಂದು ನೋಡುತ್ತಾನೆ. ಆಮೇಲೆ ಅಚ್ಚು ಹಾಕಿದವರಿಗೆ ಫೋನು ಮಾಡುತ್ತಾನೆ. ಆ ಪಾಪದವರಿಗೆ ಯಾಕೆ ತೊಂದರೆ? ಇನ್ನೊಂದು ವಿಷಯ. ನಾವು ಮನೆಯಲ್ಲಿ ಮಾತನಾಡುವುದು ತುಳು. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ. ಬೈಗುಳದ ಖಾರ ಕಡಿಮೆಯಾಗಿ ಕಂಡರೆ ಕಾರಣ ಅದು, ನನ್ನ ವಯಸ್ಸಲ್ಲ.

ನಾನು ಮಲ್ಲಿಗೆ ಕಟ್ಟುವವಳು. ವಯಸ್ಸು ಎಪ್ಪತ್ತು. ಓದಿದ್ದು ಎರಡನೇ ಕ್ಲಾಸು, ಅದೂ ಅರ್ಧ. ಉಳಿದರ್ಧ ತಪ್ಪಿದ್ದು ಇವನಿಂದ. ಇವನು ನನಗಿಂತ ಎಂಟು ವರ್ಷ ಚಿಕ್ಕವನು. ಅಮ್ಮ ಬೆಳಿಗ್ಗೆ ಹೂ ಕೊಯ್ಯಲು ಹೋಗುವಾಗ ಇವನನ್ನು ನನ್ನ ಸೊಂಟಕ್ಕೆ ಏರಿಸುತ್ತಿದ್ದಳು. ಒಂದು ಕಡೆ ಸ್ಲೇಟು, ಒಂದು ಕಡೆ ಇವನು. ಸ್ಲೇಟು ಸುಮ್ಮನಿರುತ್ತಿತ್ತು. ಇವನು ಕ್ಲಾಸಿನ ಬಾಗಿಲು ಕಂಡ ಕೂಡಲೇ ಬಾಯಿ ತೆರೆಯುತ್ತಿದ್ದ. ಆ ದನಿಗೆ ಪಕ್ಕದ ಕ್ಲಾಸಿನ ಮಗ್ಗಿಯೂ ನಿಂತುಹೋಗುತ್ತಿತ್ತು. ಒಂದು ದಿನ ಮೇಷ್ಟ್ರು, “ಮಗುವನ್ನು ಬಿಟ್ಟು ಬಾ, ಇಲ್ಲವಾದರೆ ಹೊರಗೆ ಹೋಗು” ಎಂದರು. ಹೊರಗೆ ಬಂದೆ. ಮತ್ತೆ ಒಳಗೆ ಹೋಗಲಿಲ್ಲ. ಅದನ್ನು ನೆನೆದು ಮೂಗು ಸೀಟುವ ಅಭ್ಯಾಸ ನನಗಿಲ್ಲ. ವಾರದೊಳಗೆ ಹೂ ಕಟ್ಟಲು ಕಲಿತೆ.

ನನ್ನನ್ನು ಶಾಲೆಯಿಂದ ಹೊರಗೆ ಹಾಕಿಸಿದ ಇದೇ ಮನುಷ್ಯ ಮುಂದೆ ಅಕ್ಷರ ಬರೆಯುವುದನ್ನೇ ಕಸುಬು ಮಾಡಿಕೊಂಡ. ಉಡುಪಿಯಲ್ಲಿ ಬೋರ್ಡು ಬರೆಯುವವರ ಕೈಕೆಳಗೆ ಸೇರಿ, ಆಮೇಲೆ ತಾನೇ ಡಬ್ಬ, ಬ್ರಷ್ಷು ಹಿಡಿದ. ಕಾಪು, ಕಟಪಾಡಿ, ಉಡುಪಿ, ಮಣಿಪಾಲ, ಕಾರ್ಕಳ ಎಂದು ಎಷ್ಟು ಬಸ್ಸುಗಳ ಹಣೆಯ ಮೇಲೆ ಬರೆದನೋ ಅವನಿಗೇ ಗೊತ್ತಿಲ್ಲ. ಬೋರ್ಡು ಒಣಗಲು ನಮ್ಮ ಜಗಲಿಯಲ್ಲಿ ಇಡುತ್ತಿದ್ದ. ನಾನು ಹೂ ಕಟ್ಟುತ್ತಾ ಎದುರು ಕೂತಿರುತ್ತಿದ್ದೆ. ದಿನವೂ ಅದೇ ಊರುಗಳು ಕಣ್ಣಿಗೆ ಬಿದ್ದು ಬಿದ್ದು ಅಕ್ಷರಗಳ ಗುರುತು ಹತ್ತಿತು. ಇವತ್ತು ನನಗೆ ಓದಲು ಬರುವ ಅಷ್ಟೂ ಅಕ್ಷರ ಬಸ್ಸಿನಿಂದ ಇಳಿದು ಬಂದದ್ದು. ಬರೆಯುವುದೂ ಬೋರ್ಡಿನ ಗಾತ್ರದಲ್ಲೇ. ಇಷ್ಟು ಬರೆಯುವಷ್ಟರಲ್ಲಿ ಒಂದು ನೋಟುಪುಸ್ತಕ ಮುಗಿಯುತ್ತಾ ಬಂತು!

ಆಮೇಲೆ ಫ್ಲೆಕ್ಸ್ ಬಂತು. ಬಸ್ಸಿಗೆ ದೀಪದ ಅಕ್ಷರ ಬಂತು. ಬ್ರಷ್ಷಿನವರನ್ನು ಕೇಳುವವರಿಲ್ಲ. ಬೇರೆಯವನಾಗಿದ್ದರೆ ಬೇರೆ ಕೆಲಸ ಹುಡುಕುತ್ತಿದ್ದ. ಇವನು ಊರಿನಲ್ಲಿದ್ದ ಅಕ್ಷರಗಳ ಮೇಲೆಲ್ಲ ಜಗಳಕ್ಕೆ ನಿಂತ.

ಒಮ್ಮೆ ಕಾಪುವಿನಲ್ಲಿ ನಾವಿಬ್ಬರೂ ಉಡುಪಿಗೆ ಹೋಗಲು ಬಸ್ಸು ಕಾಯುತ್ತಿದ್ದೆವು. ಬಸ್ಸು ಬಂತು. ಹಣೆಯ ಮೇಲೆ ಕೆಂಪು ದೀಪದ ಅಕ್ಷರಗಳು ಓಡುತ್ತಿದ್ದವು. ಇವನು ಬಸ್ಸಿನ ಎದುರು ಹೋಗಿ ಕತ್ತೆತ್ತಿ ನಿಂತುಬಿಟ್ಟ.

“ಎಲ್ಲಿಗೆ ಅಣ್ಣಾ?” ಎಂದು ಕಂಡಕ್ಟರ್ ಕೇಳಿದ.

“ಎಲ್ಲಿಗೂ ಇಲ್ಲ. ಈ ಡುವಿನ ಕೊಂಬು ಎಲ್ಲಿಗೆ ಹೋಯಿತು ಅಂತ ನೋಡ್ತಾ ಇದ್ದೇನೆ.”

“ಕೊಂಬು ಇರ್ಲಿ, ಬಿಡ್ಲಿ, ಬಸ್ಸು ಉಡುಪಿಗೇ ಹೋಗುವುದು ಮಾರಾಯ್ರೆ. ಹತ್ತುವುದಾದ್ರೆ ಹತ್ತಿ.”

ಹತ್ತಲಿಲ್ಲ. ಹಾಗೆ ಮೂರು ಬಸ್ಸು ಬಿಟ್ಟ. ನಾಲ್ಕನೆಯದಕ್ಕೆ ಹಳೆಯ ತಗಡಿನ ಬೋರ್ಡು ಇತ್ತು, ಇವನದೇ ಕೈಬರಹ. ಮುಖವೆಲ್ಲ ಅರಳಿಸಿಕೊಂಡು ಏರಿದ, ನನ್ನನ್ನೂ ಏರಿಸಿದ. ಸೀಟೂ ಸಿಕ್ಕಿತು. ಅದು ಕಾರ್ಕಳಕ್ಕೆ ಹೋಗುವ ಬಸ್ಸು.

ಕಾರ್ಕಳ ಎಂದಾಗ ನೆನಪಾಯಿತು. ನಮ್ಮ ಸಂಬಂಧದ ಒಂದು ಮದುವೆ ಅಲ್ಲಿ ಇತ್ತು. ಕಾಗದ ಮನೆಗೆ ಬಂತು. ಇವನು ಅದನ್ನು ಬೆಳಕಿಗೆ ಹಿಡಿದು ಅರ್ಧ ಗಂಟೆ ನೋಡಿ, “ಛೆ, ಧದ ಹೊಟ್ಟೆ ಸೀಳಿದ್ದು ಮುಚ್ಚಿಯೇ ಹೋಗಿದೆ” ಎಂದು ಮಡಚಿಟ್ಟ. ಮದುವೆ ಹಾಲಿನ ಹೆಸರು ನೆಟ್ಟಗೆ ಅಚ್ಚಾಗಿತ್ತಂತೆ, ಅದನ್ನು ಓದಿದ್ದ. ತಾರೀಖು ಸೊಟ್ಟಗಿತ್ತಂತೆ, ಬಿಟ್ಟಿದ್ದ. ಒಂದು ದಿನ ಮೊದಲೇ ಒಬ್ಬನೇ ಹೋಗಿ ಯಾರದೋ ಮದುವೆಯಲ್ಲಿ ಅಕ್ಷತೆ ಹಾಕಿ, ಹೋಳಿಗೆ ತಿಂದು ಬಂದ. “ಗುರುತಿನವರು ಒಬ್ಬರೂ ಇರಲಿಲ್ಲ ಅಂತ ನಿನಗೆ ಸಂಶಯ ಬರಲಿಲ್ವಾ?” ಎಂದು ಕೇಳಿದೆ. “ಇಲ್ಲ ಅಕ್ಕ, ಹಾಲಿನ ಬೋರ್ಡು ನಾನೇ ಬರೆದದ್ದು” ಎಂದ. ಇಂಥವನಿಗೆ ಏನು ಹೇಳುವುದು, ನೀವೇ ಹೇಳಿ.

ಇಷ್ಟರಲ್ಲೇ ನಿಂತಿದ್ದರೆ ಊರಿನ ನಗೆಗೆ ಒಂದು ವಿಷಯವಾಗಿ ಉಳಿಯುತ್ತಿದ್ದ. ನಿಲ್ಲಲಿಲ್ಲ. ಅದಕ್ಕೆ ಕಾರಣ ನನ್ನ ಕಣ್ಣು.

ಎರಡು ವರ್ಷದ ಹಿಂದೆ ನನ್ನ ಕಣ್ಣಿಗೆ ಪೊರೆ ಬಂತು. ಹೂ ಕಟ್ಟಲು ನನಗೆ ಕಣ್ಣು ಬೇಡ, ಬೆರಳು ಸಾಕು. ಆದರೆ ಅನ್ನದಲ್ಲಿ ಕಲ್ಲು ಹಲ್ಲಿಗೆ ಸಿಕ್ಕ ಮೇಲೆಯೇ ಗೊತ್ತಾಗುವುದು ಎಂದರೆ ಕಷ್ಟ. ಉಡುಪಿಯ ಒಂದು ಕಣ್ಣಿನ ಕ್ಲಿನಿಕ್ಕಿಗೆ ಇವನು ಕರೆದುಕೊಂಡು ಹೋದ. ಮೊದಲೆಲ್ಲ ಅಲ್ಲಿ ಹೆಸರು ಕೂಗುತ್ತಿದ್ದರಂತೆ. ಗಲಾಟೆ ಬೇಡ ಎಂದು ಆಗಷ್ಟೇ ಗೋಡೆಗೆ ದೊಡ್ಡ ಟಿವಿ ಹಾಕಿದ್ದರು. ಸರದಿ ಬಂದಾಗ ಅದರಲ್ಲಿ ಹೆಸರು ಬರುತ್ತದೆ, ನೋಡಿಕೊಂಡು ಒಳಗೆ ಹೋಗಬೇಕು. ತಮ್ಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಈಗ ಬಂದೆ” ಎಂದು ಹೊರಗೆ ಹೋದ.

ನನ್ನ ಹೆಸರು ಲಕ್ಷ್ಮೀ ಪೂಜಾರ್ತಿ. ಟಿವಿಯಲ್ಲಿ ಒಂದು ಹೆಸರು ಬಂತು. ಮೊದಲಿನದು ಲ ಎಂದು ಗುರುತಾಯಿತು. ಅದರ ಹಿಂದೆ ಒಂದು ಉಂಡೆ. ಮೇಲೆ ಎಂತದೋ, ಕೆಳಗೆ ಎಂತದೋ, ಒದ್ದೆ ನಾರು ಗಂಟು ಬಿದ್ದ ಹಾಗೆ. ನನ್ನ ಸಾಲಿನಲ್ಲಿ ಲದಿಂದ ಸುರುವಾಗುವ ಹೆಂಗಸರು ನಾಲ್ಕು ಮಂದಿ ಇದ್ದೆವು. “ನಿಮ್ಮದಾ?” ಎಂದು ನಾನು ಲೀಲಾ ಎಂಬವರನ್ನು ಕೇಳಿದೆ. “ನನ್ನದು ಇಷ್ಟು ದಪ್ಪ ಇಲ್ಲ, ಅವರದ್ದಿರಬೇಕು” ಎಂದು ಅವರು ಲಲಿತಾ ಎಂಬವರನ್ನು ತೋರಿಸಿದರು. ನಾಲ್ಕೂ ಜನ ಮರ್ಯಾದೆಯವರು. ಒಬ್ಬರಿಗೊಬ್ಬರು ಬಿಟ್ಟುಕೊಟ್ಟೆವು. ಹೆಸರು ಮಾಯವಾಯಿತು.

ಮಧ್ಯಾಹ್ನ ಒಂದೂವರೆಗೆ ಹಾಲ್ ಖಾಲಿಯಾಗಿ ನಾನೊಬ್ಬಳೇ ಉಳಿದೆ. ಕೌಂಟರಿನ ಹೆಂಗಸು ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಾ, “ಅಜ್ಜಿ, ನಿಮ್ಮ ಹೆಸರು ಹತ್ತು ಗಂಟೆಗೇ ಬಂದು ಹೋಯಿತಲ್ಲ. ಎಂತ ನೋಡ್ತಾ ಇದ್ರಿ?” ಎಂದಳು.

“ಕಣ್ಣು ಕಾಣದವರನ್ನು ಕರೆದು ಕೂರಿಸಿ, ಗೋಡೆ ನೋಡಿ ಓದಿ ಅಂತ ಹೇಳುವುದು ಯಾವ ಊರಿನ ಬುದ್ಧಿ ಮಗಾ?” ಎಂದು ಕೇಳಿದೆ.

ಅವಳಿಗೆ ನಗು ಬಂತು. ಡಾಕ್ಟರು ಊಟಕ್ಕೆ ಹೋಗಿ ಆಗಿತ್ತು. ಅಷ್ಟರಲ್ಲಿ ತಮ್ಮ ಬಂದ. ಅಷ್ಟು ಹೊತ್ತು ಅವನು ಎಲ್ಲಿದ್ದ? ರಸ್ತೆಯ ಆಚೆ ಹೊಸ ಬಟ್ಟೆ ಅಂಗಡಿಯ ಬೋರ್ಡಿನ ಕೆಳಗೆ. ಅದರ ಅಕ್ಷರ ನೋಡುತ್ತಾ, ಅಂಗಡಿಯವರ ಜೊತೆ ವಾದ ಮಾಡುತ್ತಾ ಮೂರೂವರೆ ಗಂಟೆ ನಿಂತಿದ್ದ. ನನಗೆ ಸಿಟ್ಟು ಬಂತು. “ನೀನು ಹೊರಗೆ ಅಕ್ಷರ ನೋಡ್ತಾ ನಿಂತೆ, ನಾನು ಒಳಗೆ ಅಕ್ಷರ ಗೊತ್ತಾಗದೆ ಕೂತೆ” ಎಂದೆ. ಅಷ್ಟೇ ಹೇಳಿದ್ದು.

ಅವನು ಟಿವಿಯ ಕೆಳಗೆ ಹೋಗಿ ನಿಂತು, ಅದರಲ್ಲಿ ಉಳಿದಿದ್ದ ಯಾರದೋ ಹೆಸರನ್ನು ನೋಡಿದ. ಬಸ್ಸಿನಲ್ಲಿ ಕಟಪಾಡಿ ದಾಟಿದ ಮೇಲೆ ಬಾಯಿ ಬಿಟ್ಟ. “ಬೋರ್ಡಿನ ಅಕ್ಷರ ಬೇರೆ, ಟಿವಿಯ ಅಕ್ಷರ ಬೇರೆ ಅಕ್ಕ. ಟಿವಿಗೆ ಅಂತಲೇ ಒಂದು ಅಕ್ಷರ ಮಾಡ್ತೇನೆ. ನಿನ್ನ ಹೆಸರು ನೀನೇ ಓದಿ ಏಳಬೇಕು. ಇಲ್ಲದಿದ್ದರೆ ನಾನು ಬ್ರಷ್ಷು ಹಿಡಿದದ್ದೇ ದಂಡ.”

“ಮೊದಲು ಶಂಕರಪುರದಲ್ಲಿ ಇಳಿಯುವುದು ನೋಡು” ಎಂದೆ. ಆ ದಿನವೂ ಇಳಿಯುವ ಜಾಗ ದಾಟಿತ್ತು.

ಅದಾಗಿ ತಿಂಗಳೊಳಗೆ ನನ್ನ ಒಂದು ಕಣ್ಣಿನ ಪೊರೆ ತೆಗೆದರು. ಅವನ ಹಠ ಮಾತ್ರ ತೆಗೆಯಲು ಬರುವಂಥದ್ದಲ್ಲ.

ಮಣಿಪಾಲದಲ್ಲಿ ಹಾಸ್ಟೆಲ್ ಬಿಟ್ಟು ಊರಿಗೆ ಹೋಗುವ ಮಕ್ಕಳು ಹಳೆಯ ಸಾಮಾನು ಮಾರುವುದುಂಟು. ಅಲ್ಲಿಂದ ಒಂದು ಕಂಪ್ಯೂಟರ್ ತಂದ. ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಬಾಣಂತಿ ಮಗು ತರುವ ಹಾಗೆ ತಂದ. ಅದೇ ಮಣಿಪಾಲದ ಒಂದು ಕಾಲೇಜಿನಲ್ಲಿ ಅಕ್ಷರದ ವಿಷಯ ಕಲಿಸುವ ಮೇಡಂ ಒಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಧಾರವಾಡದ ಕಡೆಯವರು. ಅವರ ಬಾಗಿಲಲ್ಲಿ ಹೋಗಿ ಕೂತ. ಅರುವತ್ತು ದಾಟಿದವನಿಗೆ ಕ್ಲಾಸಿನಲ್ಲಿ ಜಾಗ ಇಲ್ಲ ಎಂದರೂ ಏಳಲಿಲ್ಲ. ನಾಲ್ಕನೇ ದಿನ ಅವರೇ ಚಹಾ ತರಿಸಿ ಒಳಗೆ ಕರೆದರು.

ಇವನ ಮನೆ ನಮ್ಮ ಬೇಲಿಯ ಆಚೆ. ಇವನ ಹೆಂಡತಿ ಬೆಳಿಗ್ಗೆ ಹೂ ಕಟ್ಟಲು ನನ್ನ ಜಗಲಿಗೇ ಬರುತ್ತಾಳೆ.

“ಅಕ್ಕ, ನಿನ್ನೆ ಇಡೀ ದಿನ ಕೂತು ಒಂದು ಅ ಮಾಡಿದರು.”

“ಚಂದ ಆಗಿದೆಯಾ?”

“ಆಗಿತ್ತು. ಸಂಜೆ ಅಳಿಸಿದರು.”

ಎಂಥ ಅಕ್ಷರ ಮಾಡುತ್ತಿದ್ದಾನೆ ಎಂದು ನನಗೆ ತಿಳಿಯಲಿಲ್ಲ. ಕೇಳಿದೆ. ಅವನು ನನ್ನ ಬುಟ್ಟಿಯಿಂದ ಒಂದು ಬಾಳೆನಾರು ಎಳೆದು ನೆಲದ ಮೇಲೆ ಬಗ್ಗಿಸಿ ಗ ಎಂದು ಮಾಡಿದ. “ನೋಡು, ಈ ನಾರು ಸುರುವಿನಿಂದ ಕೊನೆವರೆಗೆ ಒಂದೇ ದಪ್ಪ. ಪುಸ್ತಕದ ಅಕ್ಷರ ಒಂದು ಕಡೆ ದಪ್ಪ, ಒಂದು ಕಡೆ ಸಪೂರ, ತುದಿಯಲ್ಲಿ ಸಿಂಗಾರ. ಕಾಗದದಲ್ಲಿ ಅದು ಚಂದ. ಟಿವಿಯಲ್ಲಿ ಸಪೂರ ಇದ್ದದ್ದು ಮಾಯ ಆಗ್ತದೆ, ಸಿಂಗಾರ ಎಲ್ಲ ಕಲೆ ಹಾಗೆ ಕಾಣ್ತದೆ. ನನಗೆ ಬೇಕಾದ್ದು ನಾರಿನಂಥ ಅಕ್ಷರ. ಸಿಂಗಾರ ಇಲ್ಲ, ಹೊಟ್ಟೆ ತೆರೆದಿರಬೇಕು.”

“ನನ್ನ ಹಾಗೆ” ಎಂದೆ. ನಾನು ಹುಟ್ಟಿ ಒಂದು ಕಿವಿಯೋಲೆ ಬಿಟ್ಟು ಬೇರೆ ಇಟ್ಟವಳಲ್ಲ.

“ಹೊಟ್ಟೆ ತೆರೆದದ್ದು ಬಿಟ್ಟು” ಎಂದ.

ಅಲ್ಲಿಂದ ನನ್ನ ಗ್ರಹಚಾರ ಸುರುವಾಯಿತು. ಅಕ್ಷರ ಸರಿಯಾಗಿದೆಯೇ ಎಂದು ನೋಡಲು ಅವನಿಗೆ ಒಬ್ಬರು ಬೇಕಿತ್ತು. ಓದಿದವರು ಬೇಡವಂತೆ, ಅವರು ಅರ್ಧ ನೋಡಿ ಉಳಿದರ್ಧ ಊಹೆ ಮಾಡಿ ಓದುತ್ತಾರಂತೆ. ಏನೂ ಓದದವರೂ ಬೇಡವಂತೆ. ಎರಡನೇ ಕ್ಲಾಸು ಅರ್ಧ ಓದಿದವರೇ ಬೇಕಂತೆ. ಅಂಥವರು ನಮ್ಮ ಓಣಿಯಲ್ಲಿ ಇನ್ನು ಯಾರಿದ್ದಾರೆ? ದಿನವೂ ಬೆಳಿಗ್ಗೆ ಹೂವಿನ ಕಟ್ಟು ಹೋದ ಕೂಡಲೇ ಫೋನು ಹಿಡಿದು ಬೇಲಿ ದಾಟಿ ಬರುತ್ತಿದ್ದ.

“ಸರಿ ಉಂಟಾ ಅಕ್ಕ?”

“ಇಲ್ಲ.”

ಯಾಕೆ ಇಲ್ಲ ಎಂದು ಕೇಳುತ್ತಿರಲಿಲ್ಲ. ಹಿಂದಕ್ಕೆ ಹೋಗುತ್ತಿದ್ದ. ಮರುದಿನ ಬರುತ್ತಿದ್ದ. ಒಂದು ಮಳೆಗಾಲ, ಒಂದು ಬೇಸಗೆ, ಅವನ ಬಾಯಲ್ಲಿ “ಸರಿ ಉಂಟಾ”, ನನ್ನ ಬಾಯಲ್ಲಿ “ಇಲ್ಲ”. ಇಲ್ಲದ್ದನ್ನು ಉಂಟು ಎಂದು ಹೇಳಿ ಸಂತೋಷಪಡಿಸುವ ಹೆಂಗಸು ನಾನಲ್ಲ, ಅದು ಅವನಿಗೂ ಗೊತ್ತಿತ್ತು.

ಒಂದು ದಿನ ಅಕ್ಷರಗಳ ತಲೆಕಟ್ಟನ್ನೇ ತೆಗೆದುಕೊಂಡು ಬಂದ. ಕಡಿಮೆ ಗೆರೆ ಇದ್ದಷ್ಟು ಒಳ್ಳೆಯದಂತೆ. ನೋಡಿದೆ. ಒಂದೊಂದೂ ಮಂಡೆ ಬೋಳಿಸಿಕೊಂಡು ಬಂದ ಹಾಗಿತ್ತು. “ಇವು ಯಾರು? ನಮ್ಮ ಊರಿನವಲ್ಲ” ಎಂದೆ. ಮರುದಿನ ಎಲ್ಲದಕ್ಕೂ ತಲೆಕಟ್ಟು ವಾಪಸು ಬಂತು, ಗಿಡ್ಡಗೆ, ನಾರಿನಷ್ಟೇ ದಪ್ಪಕ್ಕೆ. ಆದರೂ “ಇಲ್ಲ” ಎಂದೆ. ಲಕ್ಷ್ಮೀ ಇನ್ನೂ ಉಂಡೆಯೇ ಆಗಿತ್ತು.

ಈಗ ನಾನು ಮಾಡಿದ ತಪ್ಪನ್ನು ಹೇಳಬೇಕು. ಅವನ ತಪ್ಪನ್ನು ಇಷ್ಟು ಹೇಳಿ ನನ್ನದನ್ನು ನುಂಗಿದರೆ ನ್ಯಾಯವಲ್ಲ.

ಅಕ್ಷರಗಳ ಆಕಾರ ಒಂದು ಹದಕ್ಕೆ ಬಂದ ಮೇಲೆ, ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಎಂಬ ಪ್ರಶ್ನೆ ಬಂತು. ಅದು ಕಂಪ್ಯೂಟರಿನಲ್ಲಿ ಅಳೆದರೆ ಆಗುವುದಿಲ್ಲ, ಕಣ್ಣಳತೆಯೇ ಬೇಕು ಎಂದು ಮೇಡಂ ಹೇಳಿದ್ದರಂತೆ. ಕಣ್ಣಳತೆಗೆ ನನ್ನನ್ನು ಮೀರಿಸಿದವರು ಯಾರು? ಹೂ ಹೂವಿಗೆ ಎಷ್ಟು ಜಾಗ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಅಕ್ಷರಗಳನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ತಂದು ಜಗಲಿಯಲ್ಲಿ ಸಾಲಾಗಿ ಇಟ್ಟ. ನಾನು ಒಂದು ವಾರ ಕೂತು ಒಂದೊಂದನ್ನೇ ಬೆರಳಿನಲ್ಲಿ ದೂಡಿ ಜೋಡಿಸಿದೆ. ಅವನು ನೂಲು ಹಿಡಿದು ಅಳೆದು ಬರೆದುಕೊಂಡ. ಎಲ್ಲವನ್ನೂ ಹಾಗೆಯೇ ಕಂಪ್ಯೂಟರಿಗೆ ಹಾಕಿ ಮಣಿಪಾಲಕ್ಕೆ ಒಯ್ದ. ಅವತ್ತು ನಾನೂ ಹೋಗಿದ್ದೆ, ನನ್ನ ಕೆಲಸ ನೋಡಲು.

ಮೇಡಂ ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಪುನಃ ನೋಡಿದರು. ಒಂದು ಅಕ್ಷರವೂ ಬಿಡಿಯಾಗಿ ಕಾಣುತ್ತಿರಲಿಲ್ಲ. ಉಡುಪಿ ಎಂಬುದು ಒಂದು ಹಾವು ಮಲಗಿದ ಹಾಗಿತ್ತು.

“ಇಷ್ಟು ಒತ್ತಿ ಯಾರು ಕೂಡಿಸ್ಯಾರ್ರೀ ಇವನ್ನ?”

“ನಮ್ಮ ಅಕ್ಕ” ಎಂದು ಇವನು ಎದೆಯುಬ್ಬಿಸಿದ. “ಅರುವತ್ತು ವರ್ಷದ ಅನುಭವ.”

“ಯಾತರಾಗ?”

“ಮಲ್ಲಿಗೆಯಲ್ಲಿ.”

ಮಲ್ಲಿಗೆ ಕಟ್ಟುವವಳಿಗೆ ಒಂದೇ ಧರ್ಮ. ನಡುವೆ ನಾರು ಕಾಣಬಾರದು. ಕಂಡರೆ ಆ ಹೂವಿನ ಚೆಂಡನ್ನು ಯಾರೂ ಮುಟ್ಟುವುದಿಲ್ಲ. ನಾನು ಅಕ್ಷರಗಳನ್ನೂ ಹಾಗೆಯೇ ಕಟ್ಟಿಬಿಟ್ಟಿದ್ದೆ! ನನಗೆ ನಾಚಿಕೆಯಾಯಿತು. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಇವನು ಮಾತ್ರ ನಗಲಿಲ್ಲ. ತಪ್ಪು ನನ್ನ ಬೆರಳಿನದ್ದು ಎಂದು ಅವನ ತಲೆಗೇ ಹೋಗಲಿಲ್ಲ, ಪರದೆಯನ್ನೇ ಸಂಶಯದಿಂದ ನೋಡುತ್ತಿದ್ದ.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಎದುರಿನ ಸೀಟಿನಲ್ಲಿ ಇಬ್ಬರು ಗುರುತಿಲ್ಲದ ಹೆಂಗಸರು ಕೂತಿದ್ದರು. ಒಬ್ಬರಿಗೊಬ್ಬರು ತಾಗುತ್ತಿರಲಿಲ್ಲ. ಹಾಗೆಂದು ಮೂರನೆಯವಳು ನುಗ್ಗಿ ಕೂರುವಷ್ಟು ಜಾಗವನ್ನೂ ಬಿಟ್ಟಿರಲಿಲ್ಲ. ನಾನು ತಮ್ಮನನ್ನು ಮೊಣಕೈಯಿಂದ ತಿವಿದೆ.

“ಅದು ನೋಡು. ಹೊಟ್ಟೆಗೆ ಹೊಟ್ಟೆ ತಾಗಬಾರದು. ನಡುವೆ ಮತ್ತೊಬ್ಬಳಿಗೆ ಜಾಗವೂ ಇರಬಾರದು. ಅಷ್ಟು ಬಿಡು.”

ಅವನು ಜೇಬಿನಿಂದ ನೂಲು ತೆಗೆದು ಎದ್ದ. ಆ ಹೆಂಗಸರ ನಡುವೆ ಅಳೆಯಲು ಹೋಗುವ ಮೊದಲು ಅಂಗಿ ಹಿಡಿದು ಕೂರಿಸಿದೆ. ಇಲ್ಲದಿದ್ದರೆ ಪ್ರಬಂಧದ ಉಳಿದ ಭಾಗವನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಕೂತು ಬರೆಯಬೇಕಾಗುತ್ತಿತ್ತು.

ಮತ್ತೆ ಆರು ತಿಂಗಳು. ಅಕ್ಷರಗಳು ಒಂದೊಂದಾಗಿ ಬಿಡಿಸಿಕೊಂಡವು. ಒತ್ತಕ್ಷರಗಳಿಗೆ ಕೆಳಗೆ ಉಸಿರಾಡುವಷ್ಟು ಜಾಗ ಸಿಕ್ಕಿತು. ಮೇಡಂ ಒಪ್ಪಿದರು. ನಾನು “ಟಿವಿಯಲ್ಲಿ ಬಂದ ಮೇಲೆ ಹೇಳ್ತೇನೆ” ಎಂದೆ. ಟಿವಿಯಲ್ಲಿ ಬರುವುದು ಹೇಗೆ? ಕ್ಲಿನಿಕ್ಕಿನ ಮ್ಯಾನೇಜರು, “ಅದೆಲ್ಲ ಕಂಪನಿಯವರು ಹಾಕಿಕೊಟ್ಟದ್ದು, ಮುಟ್ಟಲಿಕ್ಕೆ ಆಗುವುದಿಲ್ಲ” ಎಂದರು. ದುಡ್ಡು ಬೇಡ ಎಂದ, ಒಪ್ಪಲಿಲ್ಲ. ಕಾಗದ ಬರೆದ, ಉತ್ತರ ಇಲ್ಲ.

ಆಗ ನನ್ನ ತಮ್ಮ ಒಂದು ಕೆಲಸ ಮಾಡಿದ. ಪ್ರತಿ ಮಂಗಳವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ಟಿವಿಯ ಕೆಳಗಿನ ಕುರ್ಚಿಯಲ್ಲಿ ಕೂರತೊಡಗಿದ. ಹೆಸರು ಬಂದ ಕೂಡಲೇ ಎದ್ದು ನಿಂತು ಗಟ್ಟಿಯಾಗಿ ಓದುತ್ತಿದ್ದ. “ವಾರಿಜಾ ಶೆಟ್ಟಿಗಾರ್ತಿ! ಒಳಗೆ ಹೋಗಿ!” ಅವನ ಗಂಟಲಿನ ವಿಷಯ ನಿಮಗೆ ಮೊದಲೇ ಹೇಳಿದ್ದೇನೆ, ಪಕ್ಕದ ಕ್ಲಾಸಿನ ಮಗ್ಗಿ ನಿಲ್ಲಿಸಿದ ಗಂಟಲು ಅದು. ಮುದುಕ ಮುದುಕಿಯರಿಗೆ ಸಂತೋಷ. ಕೆಲವರು ಮಂಗಳವಾರವೇ ಬೇಕೆಂದು ಹಠ ಹಿಡಿದರಂತೆ. ಗಲಾಟೆ ಬೇಡ ಎಂದು ಟಿವಿ ಹಾಕಿದವರ ಕ್ಲಿನಿಕ್ಕು ಬಸ್‌ಸ್ಟ್ಯಾಂಡು ಆಯಿತು. ಒಂಬತ್ತನೇ ಮಂಗಳವಾರ ಡಾಕ್ಟರೇ ಹೊರಗೆ ಬಂದರು.

“ನಿಮಗೆ ಎಂತ ಬೇಕು ಮಾರಾಯ್ರೆ?”

“ಈ ಟಿವಿಗೆ ನನ್ನ ಅಕ್ಷರ.”

“ಹಾಕಿಸ್ತೇನೆ. ನೀವು ಮನೆಗೆ ಹೋಗಿ.”

“ಹಾಕಿದ ಮೇಲೆ ಹೋಗ್ತೇನೆ” ಎಂದು ಅಲ್ಲೇ ಕೂತ.

ಕಳೆದ ತಿಂಗಳು ನನ್ನ ಇನ್ನೊಂದು ಕಣ್ಣಿನ ಸರದಿ. ತಮ್ಮ ಜೊತೆಗೆ ಬಂದ. ಈ ಸಲ ಹೊರಗೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ಕೂತ, ಬಾಯಿಗೆ ಬೀಗ ಹಾಕಿದವನ ಹಾಗೆ. ಕೈ ಮಾತ್ರ ಅಂಗಿಯ ಗುಂಡಿಯನ್ನು ತಿರುಗಿಸುತ್ತಿತ್ತು. ಟಿವಿಯಲ್ಲಿ ಒಬ್ಬೊಬ್ಬರ ಹೆಸರು ಬಂದು ಹೋಯಿತು. ಜನ ನೋಡಿದರು, ಎದ್ದರು, ಹೋದರು. ಯಾರೂ ಪಕ್ಕದವರನ್ನು ಕೇಳಲಿಲ್ಲ. ಅಕ್ಷರ ಚಂದ ಎಂದು ಯಾರೂ ಹೇಳಲೂ ಇಲ್ಲ, ಅಲ್ಲಿ ಅಕ್ಷರ ಇದೆ ಎಂಬುದೇ ಅವರಿಗೆ ಗೊತ್ತಾದ ಹಾಗಿರಲಿಲ್ಲ.

ಆಮೇಲೆ ಒಂದು ಲ ಬಂತು.

ಲದ ಹಿಂದೆ ಕ. ಅದರ ಕೆಳಗೆ ಷ, ಷದ ಪಕ್ಕದಲ್ಲಿ ಮ, ಒಂದನ್ನೊಂದು ತಾಗದೆ, ಬಸ್ಸಿನ ಆ ಇಬ್ಬರು ಹೆಂಗಸರ ಹಾಗೆ. ಮೇಲೆ ಗುಡಿಸು, ಆಚೆ ದೀರ್ಘ. ಆಮೇಲೆ ಪೂಜಾರ್ತಿ. ನಮ್ಮ ಜಗಲಿಯಲ್ಲಿ ಒಣಗುತ್ತಿದ್ದ ಬೋರ್ಡಿನ ಹಾಗೆ ನೆಟ್ಟಗೆ. ಎಪ್ಪತ್ತು ವರ್ಷ ಹೊತ್ತುಕೊಂಡು ತಿರುಗಿದ ಹೆಸರು ಇಷ್ಟು ಉದ್ದ ಇದೆ ಎಂದು ನನಗೆ ಗೊತ್ತಿರಲಿಲ್ಲ. ಸುರುವಿನಿಂದ ಕೊನೆಯವರೆಗೆ ಓದಿದೆ. ಪುನಃ ಸುರುವಿನಿಂದ ಓದಿದೆ. ಹೆಸರು ಮಾಯವಾಯಿತು.

“ಅಜ್ಜಿ” ಎಂದು ಕೌಂಟರಿನ ಹೆಂಗಸು ಎದ್ದು ಬಂದಳು. “ಈ ಸಲವೂ ಕಾಣಲಿಲ್ವಾ?”

“ಕಂಡಿತು.”

“ಮತ್ತೆ ಯಾಕೆ ಏಳಲಿಲ್ಲ?”

“ಓದ್ತಾ ಇದ್ದೆ ಮಗಾ. ಇನ್ನೊಮ್ಮೆ ಹಾಕ್ತೀಯಾ?”

ಅವಳು ನನ್ನನ್ನೂ ತಮ್ಮನನ್ನೂ ನೋಡಿ, ಹೋಗಿ ಇನ್ನೊಮ್ಮೆ ಹಾಕಿದಳು.

ತಮ್ಮ ಟಿವಿ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದ. ಎರಡು ವರ್ಷದಿಂದ ಕೇಳಿದ್ದನ್ನೇ ಕೇಳಿದ.

“ಸರಿ ಉಂಟಾ ಅಕ್ಕ?”

“ಉಂಟು” ಎಂದೆ.

ಅರುವತ್ತೆರಡು ವರ್ಷದ ಗಂಡಸು, ಅಷ್ಟು ಜನರ ಎದುರು, ಬಾಯಿ ತೆರೆದು ಅಳಲು ಸುರು ಮಾಡಿದ. ಅದೇ ಗಂಟಲು. ನಾನು ಹಿಂದಿನ ಅಭ್ಯಾಸದಲ್ಲಿ ಅವನ ಬೆನ್ನಿಗೆ ಕೈ ಹಾಕಿ ಬಾಗಿಲ ಕಡೆ ನೋಡಿದೆ. ಈ ಸಲ ಯಾರೂ ನಮಗೆ ಹೊರಗೆ ಹೋಗಿ ಎನ್ನಲಿಲ್ಲ.